ಪರದೆಯ ಮೇಲೆ ತಿಮ್ಮು ಹೊನ್ನು ಗೌಡ, ಬೊಬ್ರುವಾಡ

'ಕಗ್ಗತ್ತಲ ಖಡ್ಗವೀರ' ಎಂಬ ಸಿನೆಮಾವನ್ನು ನೀವು ನೋಡಿಲ್ಲ. ನೋಡಿದ್ದೇನೆ ಅಂತ ಯಾರಾದರೂ ಹೇಳಿದರೆ ಒಂದೋ ಅವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅವರು ನಮ್ಮ ಅಂಕೋಲೆಯವರು. ಎರಡೂ ಆಗಿರಬಹುದು. ೨೦೦೫ರ ಏಪ್ರಿಲಿನಲ್ಲಿ ಕಾರವಾರದ ಒಂದು ಥಿಯೇಟರಿನಲ್ಲಿ ಅದು ನಾಲ್ಕು ದಿನ ಇತ್ತು. ಓಡಿತು ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಐದನೇ ದಿನ ಥಿಯೇಟರಿನವರು ಅದನ್ನು ತೆಗೆದು, ಅದಾಗಲೇ ಮೂರು ಸಲ ಬಂದು ಹೋಗಿದ್ದ ಹಳೆಯ ದೇವರ ಸಿನೆಮಾ ಹಾಕಿದರು. ಅದು ಹೌಸ್‌ಫುಲ್ ಆಯಿತು.

ಕಥೆ ಇಷ್ಟೆ. ಹೀರೋ ಹುಟ್ಟು ಕುರುಡ. ಅವನ ಅಪ್ಪನನ್ನು ಏಳು ಜನ ಸೇರಿ ಕೊಂದಿರುತ್ತಾರೆ. ಹೀರೋ ಬರೀ ಸದ್ದಿನ ಮೇಲೆ ಆ ಏಳೂ ಜನರನ್ನು ಹುಡುಕಿ ಖಡ್ಗದಿಂದ ಕಡಿಯುತ್ತಾನೆ. ನಡುವೆ ನಾಲ್ಕು ಹಾಡು. ಹಾಡಿನಲ್ಲಿ ಮಾತ್ರ ಅವನು ಹೀರೋಯಿನ್ನಿನ ಸೀರೆಯ ಬಣ್ಣವನ್ನು ಬಾಯಿತುಂಬ ಹೊಗಳುತ್ತಾನೆ. ಅದು ಹೇಗೆ ಸಾಧ್ಯ ಎಂದು ಡೈರೆಕ್ಟರರನ್ನು ಕೇಳಿದ್ದೆ. "ಅದು ಪ್ರೇಮ" ಅಂದರು.

ನಾನು ಯೋಗೇಶ. ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಹಬ್ಬುವಾಡದಲ್ಲಿ ಬಾಡಿಗೆ ಮನೆ, ಹುಟ್ಟೂರು ಅಂಕೋಲೆಯ ಬೊಬ್ರುವಾಡ. ನಮ್ಮೂರಲ್ಲಿ ವರ್ಷಕ್ಕೊಂದು ನಾಟಕ ಆಗುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ನಾಟಕದ ಪ್ರಾಂಪ್ಟರ್ ನಾನು. ಪರದೆಯ ಸಂದಿಯಲ್ಲಿ ನಿಂತು, ಮಾತು ಮರೆತ ರಾಜನಿಗೂ ಮಂತ್ರಿಗೂ ಮಾತು ಹೇಳಿಕೊಡುವುದು ನನ್ನ ಕೆಲಸ. ಚಪ್ಪಾಳೆ ಅವರಿಗೆ, ಸೊಳ್ಳೆ ನನಗೆ. ನನ್ನ ಸಿಡುಕು ಸ್ವಭಾವಕ್ಕೆ ಇದೇ ಕಾರಣ ಅಂತ ಹೆಂಡತಿ ಹೇಳುತ್ತಾಳೆ. ಸಿನೆಮಾದವರು ಬರುತ್ತಾರೆ ಅಂದಾಗ ನನಗೂ ಒಂದು ಒಳ್ಳೆಯ ಪಾತ್ರ ಸಿಕ್ಕೀತು ಅಂತ ಆಸೆಯಾಗಿದ್ದು ನಿಜ. ಸಿಕ್ಕಿತು. ನಾನು ಮೂರನೇ ಫೈಟಿನ ಆರನೇ ಹೆಣ.

ಸಿನೆಮಾಕ್ಕೆ ದುಡ್ಡು ಹಾಕಿದವರು ಕಾರವಾರದ ವೈಜಯಂತಿ ಬಾಯಿ. ಅವರಿಗೆ ಒಂದು ಕಲ್ಯಾಣ ಮಂಟಪ, ಹನ್ನೊಂದು ಲಾರಿ ಮತ್ತು ಒಬ್ಬ ಮಗ. ಮಗ ಅಮಿತ ಮೂರು ಸಲ ಪಿಯುಸಿ ಕಟ್ಟಿ, ನಾಲ್ಕನೇ ಸಲಕ್ಕೆ ಹೀರೋ ಆಗುತ್ತೇನೆ ಅಂದ. ಬೆಂಗಳೂರಿನಿಂದ ಒಬ್ಬ ಡೈರೆಕ್ಟರ್ ಬಂದರು. ಅಮಿತನ ಅಭಿನಯವನ್ನು ಎರಡು ದಿನ ನೋಡಿ, ಕಣ್ಣಿನಲ್ಲಿ ಭಾವ ತರುವುದು ಇವನಿಂದ ಆಗದ ಕೆಲಸ ಅಂತ ತಿಳಿದುಕೊಂಡು, ಕುರುಡನ ಕಥೆ ಬರೆದರು. ಆ ಇಡೀ ಸಿನೆಮಾದಲ್ಲಿ ಅವರು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಮುಹೂರ್ತ ಬೊಬ್ರುವಾಡದಲ್ಲಿ ಆಯಿತು, ಗಜನಿ ಗದ್ದೆಯ ಅಂಚಿನ ಮಾವಿನ ಮರದಡಿ. ಗಜನಿ ಅಂದರೆ ಉಪ್ಪುನೀರು ಹತ್ತುವ ಗದ್ದೆ. ಮಳೆಗಾಲದಲ್ಲಿ ಭತ್ತ, ಉಳಿದಂತೆ ಸೀಗಡಿ ಮತ್ತು ಕೆಸರು. ಪೂಜೆಗೆ ಕಾಯಿ ಒಡೆಯಲು ತಿಮ್ಮಣ್ಣನನ್ನು ಕರೆಸಿದ್ದರು. ನಮ್ಮೂರಲ್ಲಿ ಯಾವ ಶುಭಕಾರ್ಯಕ್ಕೂ ಕಾಯಿ ಅವನೇ ಒಡೆಯಬೇಕು. ಎಡಗೈಯಲ್ಲಿ ಕಾಯಿ ಹಿಡಿದು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸುತ್ತಾನೆ, ಉಗುರಿನಿಂದ ಎರಡು ಸಲ ತಟ್ಟುತ್ತಾನೆ, ಕತ್ತಿಯ ಹಿಂಬದಿಯಿಂದ ಒಂದೇ ಏಟು. ಎರಡು ಹೋಳು, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕಾಯಿ ಕೆಟ್ಟಿದ್ದರೆ ಒಡೆಯುವ ಮೊದಲೇ ಪಕ್ಕಕ್ಕಿಟ್ಟು "ಇದು ಬೇಡ" ಅನ್ನುತ್ತಾನೆ. ಆರು ವರ್ಷದವನಿದ್ದಾಗ ಸಿಡುಬು ಬಂದು ಅವನ ಎರಡೂ ಕಣ್ಣು ಹೋದವು. ಈಗ ಐವತ್ತು. ಬೊಬ್ರುವಾಡದಲ್ಲಿ ನಾಲ್ಕು ಜನ ತಿಮ್ಮು ಇರುವುದರಿಂದ ಇವನನ್ನು ಎಲ್ಲರೂ ಕುರ್ಡ ತಿಮ್ಮು ಅನ್ನುತ್ತಾರೆ. ಎದುರಿಗೂ ಅನ್ನುತ್ತಾರೆ. ಬೈಗುಳ ಅಂತ ಅಲ್ಲ, ಗುರುತಿಗೆ. ಗುರುತಿಗೆ ಅಂದರೂ ಕೇಳುವವನಿಗೆ ಹೇಗಾಗುತ್ತದೆ ಅಂತ ನಾವು ಯಾರೂ ವಿಚಾರ ಮಾಡಿರಲಿಲ್ಲ.

ಕಾಯಿ ಒಡೆದದ್ದು ನೋಡಿ ಡೈರೆಕ್ಟರ್ ಕುರ್ಚಿಯಿಂದ ಎದ್ದರು. ತಿಮ್ಮಣ್ಣನ ಮುಖದ ಮುಂದೆ ಕೈ ಆಡಿಸಿದರು. "ಇವರು ನಿಜವಾಗಲೂ ಕುರುಡರಾ?"

"ಹೌದು ಸಾಹೇಬ್ರೆ. ಕೈ ಆಡಿಸ್ಬೇಡಿ, ಗಾಳಿ ಬತ್ತದೆ" ಅಂದ ತಿಮ್ಮಣ್ಣ.

ಕೂಡಲೇ ಅವನನ್ನು ಹೀರೋಗೆ ಗುರುವಾಗಿ ನೇಮಿಸಿದರು. ಕುರುಡರು ಹೇಗೆ ನಡೆಯುತ್ತಾರೆ ಅಂತ ತೋರಿಸಬೇಕು. ತಿಮ್ಮಣ್ಣ ಹುಟ್ಟಿದಾಗಿನಿಂದ ನಡೆದ ಗಜನಿಯ ಒಡ್ಡಿನ ಮೇಲೆ, ಒಂದೂವರೆ ಗೇಣು ಅಗಲದ ದಾರಿಯಲ್ಲಿ, ಕೈ ಬೀಸಿಕೊಂಡು ಆ ತುದಿಯವರೆಗೆ ಹೋಗಿ ತಿರುಗಿ ಬಂದ. ಡೈರೆಕ್ಟರ್ ಬಹಳ ಬೇಜಾರು ಮಾಡಿಕೊಂಡರು.

"ಇದರಲ್ಲಿ ಕುರುಡುತನವೇ ಕಾಣ್ತಾ ಇಲ್ಲವಲ್ಲ! ಜನ ನಂಬೋದಿಲ್ಲ. ಅಮಿತ್, ನೀವು ಎರಡೂ ಕೈ ಮುಂದೆ ಚಾಚಿ, ತಲೆ ಮೇಲೆತ್ತಿ, ತಡಕಾಡುತ್ತಾ ನಡೆಯಿರಿ."

ಅಮಿತ ಕಣ್ಣು ಮುಚ್ಚಿ, ಕೈ ಚಾಚಿ, ಒಡ್ಡಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು ಗಜನಿಗೆ ಬಿದ್ದ. ಖಡ್ಗವೂ ಬಿತ್ತು. ಖಡ್ಗ ಮರದ್ದಾದ್ದರಿಂದ ತೇಲಿತು.

ತಿಮ್ಮಣ್ಣನ ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಕಾಮಕ್ಕ ಆದದ್ದನ್ನೆಲ್ಲ ಅವನಿಗೆ ವರ್ಣಿಸಿದಳು. ಅವನು ಗಂಭೀರವಾಗಿ ಕೇಳಿ, "ಪಾಪ, ಆ ಹುಡ್ಗಂಗೆ ಎಂತಾಗಿದೆ ಅಂತೆ?" ಅಂದ.

ಮುಂದೆ ಅಮಿತನಿಗೆ ಕಪ್ಪು ಕನ್ನಡಕ ಹಾಕಿದರು, ಒಳಗೆ ಕಣ್ಣು ಬಿಟ್ಟುಕೊಂಡು ಕುರುಡನಾಗಲಿ ಅಂತ. ಆದರೆ ಕಾಯಿ ಒಡೆಯುವ ಕೈಯನ್ನು ಬಿಡಲು ಡೈರೆಕ್ಟರಿಗೆ ಮನಸ್ಸಿರಲಿಲ್ಲ. ಅವರು ಒಂದು ಸೀನು ಬರೆದರು. ಖಳನಾಯಕನ ಕಡೆಯವರು ಮರಗಳ ಮರೆಯಿಂದ ಹೀರೋನ ಮೇಲೆ ತೆಂಗಿನಕಾಯಿ ಎಸೆಯುತ್ತಾರೆ. ಹೀರೋ ಒಂದೊಂದನ್ನೂ ಸದ್ದಿನ ಮೇಲೆ ಹಿಡಿದು ಎರಡು ಹೋಳು ಮಾಡುತ್ತಾನೆ. ಇಪ್ಪತ್ತೊಂದು ಕಾಯಿ. ಮುಖ ಅಮಿತನದು, ಕೈ ತಿಮ್ಮಣ್ಣನದು. ತಿಮ್ಮಣ್ಣನ ಮೈಗೆ ಹೀರೋನ ಜರಿ ಅಂಗಿ ತೊಡಿಸಿ, ಮೊಣಕೈಯಿಂದ ಕೆಳಗೆ ಮಾತ್ರ ಶೂಟಿಂಗ್ ಮಾಡಿದರು. ಮರದ ಖಡ್ಗದಿಂದ ಕಾಯಿ ಒಡೆಯುವುದಿಲ್ಲವಲ್ಲ, ಅದಕ್ಕೆ ತಿಮ್ಮಣ್ಣ ತನ್ನ ಕತ್ತಿಯನ್ನೇ ಹಿಡಿದ. ಹಾಗಾಗಿ ಆ ಸಿನೆಮಾದಲ್ಲಿ ಹೀರೋ ಬೀಸುವಾಗ ಖಡ್ಗ, ತಾಗುವಾಗ ಕತ್ತಿ. ಬೀಸುವ ಕೈ ಗೋಧಿ ಬಣ್ಣ, ಒಡೆಯುವ ಕೈ ಕಪ್ಪು, ಮಣಿಕಟ್ಟಿನಲ್ಲಿ ತಾಮ್ರದ ಕಡಗ. ಇದನ್ನು ನಾನು ಹೇಳಿದ್ದಕ್ಕೆ ಡೈರೆಕ್ಟರ್, "ಹೆಣ ಮಾತಾಡಬಾರದು" ಅಂದರು. ಆ ವಾರವೆಲ್ಲ ಶೂಟಿಂಗಿನವರ ಊಟದಲ್ಲಿ ಅನ್ನ ಒಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಕಾಯಿತುರಿ ಇತ್ತು.

ಕೊನೆಯ ದಿನ ವೈಜಯಂತಿ ಬಾಯಿ ಶಾಲು, ಹಣ್ಣು ತರಿಸಿದರು. ತಿಮ್ಮಣ್ಣ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ. "ತಮಾ, ನಂಗೆ ಶಾಲು ಎಂತಕ್ಕೆ? ಹೆಸ್ರು ಬತ್ತದ್ಯಾ, ಕೇಳು."

"ಯಾವ ಹೆಸ್ರು ತಿಮ್ಮಣ್ಣಾ?"

"ನಂದೇಯಾ. ಪಡದೆ ಮೇಲೆ. ನಾಟ್ಕದ ಹ್ಯಾಂಡ್‌ಬಿಲ್ಲಲ್ಲಿ ಕುರ್ಚಿ ಕೊಟ್ಟವ್ರ ಹೆಸ್ರೂ ಬತ್ತದೆ, ಮೈಕಿನವಂದೂ ಬತ್ತದೆ. ಮೂವತ್ತು ವರ್ಷಾಯ್ತು ನಾನು ನಾಟ್ಕದ ಕಾಯಿ ಒಡೂಕೆ ಹಿಡಿದು. ಒಂದ್ಸಲನೂ ಬರ್ಲಿಲ್ಲ. ಇದ್ರಲ್ಲಾದ್ರೂ ಬರ್ಲಿ. ಕುರ್ಡ ಅಂತ ಹಾಕೂದು ಬೇಡ. ತಿಮ್ಮು ಹೊನ್ನು ಗೌಡ, ಅಷ್ಟೇಯಾ. ಜನ ಓದ್ಲಿ."

ಹೊನ್ನು ಅವನ ಅಪ್ಪ. ಆ ಹ್ಯಾಂಡ್‌ಬಿಲ್ಲನ್ನು ಪ್ರತಿ ವರ್ಷ ಬರೆಯುವವನು ನಾನೇ. ನನ್ನ ಹೆಸರನ್ನು ಎಲ್ಲಿ ಹಾಕಲಿ ಅಂತ ಅರ್ಧ ದಿನ ಯೋಚಿಸುವವನಿಗೆ ಅವನ ಹೆಸರು ಒಮ್ಮೆಯೂ ನೆನಪಾಗಿರಲಿಲ್ಲ. ಹೋಗಿ ವೈಜಯಂತಿ ಬಾಯಿಗೆ ಹೇಳಿದೆ. ಅವರು, "ಅರೆ ದೇವಾ! ಇಷ್ಟೆಯಾ? ದೊಡ್ಡ ಅಕ್ಷರದಲ್ಲಿ ಹಾಕಿಸ್ತೆ" ಅಂದರು. ಡೈರೆಕ್ಟರ್ ಒಂದು ಚೀಟಿಯಲ್ಲಿ ಬರೆದುಕೊಂಡೂ ಬಿಟ್ಟರು. ತಿಮ್ಮಣ್ಣ ಶಾಲನ್ನು ತಿರುಗಿ ಕೊಟ್ಟ.

ಸಿನೆಮಾ ಬರಲು ಒಂದೂವರೆ ವರ್ಷ ಹಿಡಿಯಿತು. ಬಂದ ಎರಡನೇ ದಿನ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ, ತಿಮ್ಮಣ್ಣ ಕಾಮಕ್ಕರನ್ನು ಕಾರವಾರ ಬಸ್‌ಸ್ಟ್ಯಾಂಡಿನಿಂದ ಮ್ಯಾಟಿನಿಗೆ ಕರೆದುಕೊಂಡು ಹೋದೆ. ತಿಮ್ಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅವನಿಗೆ ಕಾಣುವುದಿಲ್ಲ, ಕಾಮಕ್ಕನಿಗೆ ಓದಲು ಬರುವುದಿಲ್ಲ. ಓದಿ ಹೇಳುವುದಕ್ಕೆ ನಾನು. ಒಳಗೆ ಮೂವತ್ತೋ ನಲವತ್ತೋ ಜನ. ಅರ್ಧ ಕಾಲೇಜು ಹುಡುಗರು, ಉಳಿದವರು ಫ್ಯಾನಿನ ಗಾಳಿಗೆ ಬಂದವರು. ನಮ್ಮ ಮುಂದಿನ ಸಾಲಿನಲ್ಲಿ ಅಗಸೂರಿನ ಗಂಗೆ ಇದ್ದಳು. ಕಾಮಕ್ಕನ ದೂರದ ಸಂಬಂಧಿ. ಆಸ್ಪತ್ರೆಯಲ್ಲಿದ್ದ ಯಾರನ್ನೋ ನೋಡಲು ಬಂದು, ಬಸ್ಸಿಗೆ ಎರಡು ತಾಸು ಇದೆ ಅಂತ ಸಿನೆಮಾಕ್ಕೆ ಕೂತಿದ್ದಳು.

ಟೈಟಲ್ ಶುರುವಾಯಿತು. ನಾನು ಪ್ರಾಂಪ್ಟಿಂಗ್ ದನಿಯಲ್ಲಿ ಒಂದೊಂದಾಗಿ ಓದಿದೆ. ವೈಜಯಂತಿ ಬಾಯಿಯ ದಿವಂಗತ ಪತಿಗೆ ಅರ್ಪಣೆ. ಅವರ ಅತ್ತೆ ಮಾವಂದಿರ ಆಶೀರ್ವಾದ. ಸಾಲ ಕೊಟ್ಟ ಸೊಸೈಟಿಗೆ ಕೃತಜ್ಞತೆ. ಮೀನಿನ ಊಟ ಕಳಿಸಿದ ಸುಗಂಧಾ ಮಾವಶಿಗೆ ಕೃತಜ್ಞತೆ. ಹನ್ನೊಂದು ಲಾರಿಗಳ ಡ್ರೈವರುಗಳು. ಅಮಿತನ ಜಿಮ್ಮಿನ ಗೆಳೆಯರು. ಹೆಣಗಳು, ಅದರಲ್ಲಿ ನಾನು. "ಬಂತನಾ?" ಅಂತ ತಿಮ್ಮಣ್ಣ ಪ್ರತಿ ಹೆಸರಿಗೂ ಕೇಳುತ್ತಿದ್ದ. "ಈಗ ಬತ್ತದೆ" ಅಂತ ನಾನು ಹೇಳುತ್ತಿದ್ದೆ. ಕೊನೆಗೆ 'ಮೈ ನವಿರೇಳಿಸುವ ಕಾಯಿ ಕಾಳಗ: ಅಮಿತ್' ಅಂತ ಬಂತು. ಅದನ್ನು ನಾನು ಓದಲಿಲ್ಲ. ಅದಾದ ಮೇಲೆ ಡೈರೆಕ್ಟರ್ ಹೆಸರು ಬಂದು ಟೈಟಲ್ ಮುಗಿಯಿತು.

"ಮುಗೀತನಾ?"

"ಇಲ್ಲ ತಿಮ್ಮಣ್ಣಾ, ಕೆಲವ್ರದ್ದು ಕೊನೆಗೆ ಹಾಕ್ತಾರೆ" ಅಂದೆ.

ಅವನು ಸಮಾಧಾನದಿಂದ ಹಿಂದಕ್ಕೆ ಒರಗಿ ಕೂತ. ನನಗೆ ಸಿಟ್ಟು ಬಂದ ರಭಸಕ್ಕೆ ಮೊದಲ ಎರಡು ಕೊಲೆಗಳು ಆದದ್ದೇ ತಿಳಿಯಲಿಲ್ಲ. ಮೀನಿಗೆ ಕೃತಜ್ಞತೆ ಇದೆ, ಸತ್ತು ಬಿದ್ದ ನನಗೂ ಇದೆ, ಇಪ್ಪತ್ತೊಂದು ಕಾಯಿ ಒಡೆದ ಕೈಗೆ ಇಲ್ಲ. ಇಂಟರ್ವಲ್ ಬಿಟ್ಟಿದ್ದೇ, "ಈಗ ಬಂದೆ" ಅಂತ ಹೇಳಿ ಪ್ರೊಜೆಕ್ಟರ್ ರೂಮಿನ ಏಣಿ ಹತ್ತಿದೆ.

ಆಪರೇಟರ್ ಮಾದೇವ ನನಗೆ ಬಹಳ ವರ್ಷದ ಪರಿಚಯ. ನಮ್ಮ ನಾಟಕಕ್ಕೆ ಬಣ್ಣದ ಲೈಟು ಬಿಡುವವನು ಅವನೇ. "ಕೊನೆಗೆ ಯಾರ್ದಾದ್ರೂ ಹೆಸ್ರು ಬತ್ತದ್ಯಾ?" ಕೇಳಿದೆ.

"ಕೊನೆಗೆ 'ಶುಭಂ' ಬತ್ತದೆ. ಅದ್ರ ಹಿಂದೆ ಬಾಯಿಯ ಗಂಡನ ಫೋಟೋ, ಮಾಲೆ ಹಾಕಿದ್ದು. ಮತ್ತೆಂತ ಇಲ್ಲ."

ನಾನು ಒಂದು ಖಾಲಿ ಡಬ್ಬದ ಮೇಲೆ ಕೂತೆ. ಕೆಳಗೆ ಹೋಗಿ ಏನು ಹೇಳಲಿ? ಬಂತು ಅಂತ ಸುಳ್ಳು ಹೇಳಬಹುದಿತ್ತು. ಆದರೆ ಅವನು ಕೇಳಿದ್ದು ಜನ ಓದಲಿ ಅಂತ. ನಾನೊಬ್ಬ ಅವನ ಕಿವಿಯಲ್ಲಿ ಪಿಸುಗುಟ್ಟಿದರೆ ಅದು ಆಗುವುದಿಲ್ಲ. ಆಗ ಮಾದೇವನ ಮೇಜಿನ ಮೇಲೆ ಸ್ಲೈಡಿನ ಗಾಜುಗಳು ಕಂಡವು. ಬಟ್ಟೆ ಅಂಗಡಿಯ ಜಾಹೀರಾತು, ಬೀಡಿ ಸೇದಬಾರದು ಎಂಬ ಸೂಚನೆ, ಎಲ್ಲ ಅದರಲ್ಲೇ ತೋರಿಸುತ್ತಿದ್ದರು. ಪಕ್ಕದಲ್ಲಿ ಮಸಿ ಬಳಿದ ಒಂದು ಖಾಲಿ ಗಾಜೂ ಇತ್ತು.

"ಇದ್ರ ಮೇಲೆ ಗೀಚಿದ್ರೆ ಪಡದೆ ಮೇಲೆ ಬತ್ತದ್ಯನಾ?"

"ಬತ್ತದೆ. ಮಸಿ ಹೋದಲ್ಲಿ ಬೆಳಕು. ಎಂತಕ್ಕೆ?"

ವಿಷಯ ಹೇಳಿದೆ. ಮಾದೇವ ತಲೆ ಕೆರೆದುಕೊಂಡ. ಮಾಲಕರಿಗೆ ತಿಳಿದರೆ ಕಷ್ಟ ಅಂದ. ಆಮೇಲೆ, ಅವನ ಮಗಳ ನಾಮಕರಣದ ಕಾಯಿ ಒಡೆದದ್ದೂ ತಿಮ್ಮಣ್ಣನೇ ಅಂತ ನೆನಪಾಗಿ, ಒಂದು ದಬ್ಬಣ ಕೊಟ್ಟ.

ನಾನು ಗೀಚಿದೆ. ಅಂಗೈಗಿಂತ ಚಿಕ್ಕ ಗಾಜು. 'ಕಾಯಿ ಕಾಳಗದ ಕೈಚಳಕ' ಅಂತ ಮೇಲೆ ಬರೆಯಬೇಕೆಂದಿದ್ದೆ, ಅಷ್ಟು ಉದ್ದಕ್ಕೆ ಜಾಗ ಸಾಲಲಿಲ್ಲ. 'ತಿಮ್ಮು ಹೊನ್ನು ಗೌಡ' ಒಂದು ಸಾಲಾಯಿತು. ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ 'ಬೊಬ್ರುವಾಡ' ಅಂತ ಬರೆದೆ. ನಾಟಕದ ಹ್ಯಾಂಡ್‌ಬಿಲ್ಲಿನ ರೂಢಿ ಅದು. ಹೆಸರಿನ ಮುಂದೆ ಊರು ಬಾರದಿದ್ದರೆ ನಮ್ಮ ಕಡೆ ಆ ಹೆಸರು ಪೂರ್ತಿಯಾಗುವುದಿಲ್ಲ. ಇಷ್ಟು ವರ್ಷದ ಅಭ್ಯಾಸ, ಕೈ ತಾನೇ ಬರೆಯಿತು. ಆ ಒಂದು ಶಬ್ದ ಇಲ್ಲದಿದ್ದರೆ ಮುಂದಿನ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಕಾಯಿ ಕಾಳಗ ಇನ್ನೇನು ಶುರುವಾಗಬೇಕು, ಹೀರೋ ಮರದಡಿ ಕಿವಿ ನಿಮಿರಿಸಿ ನಿಂತಿದ್ದಾನೆ. "ಈಗ ಬಿಡು" ಅಂದೆ. ಮಾದೇವ ಬಿಟ್ಟ. ಹೀರೋನ ಎದೆಯ ಮೇಲೆ, ಆಳೆತ್ತರದ ಬಿಳಿ ಅಕ್ಷರಗಳಲ್ಲಿ ಮೂಡಿತು. ತಿಮ್ಮು ಹೊನ್ನು ಗೌಡ, ಬೊಬ್ರುವಾಡ.

ಪ್ರೊಜೆಕ್ಟರಿನ ಕಿಂಡಿಗೆ ಮುಖ ಒತ್ತಿ ನಾನು ನೋಡುತ್ತಿದ್ದೆ. ಕೆಳಗೆ ಒಬ್ಬ ಜೋರಾಗಿ ಓದಿದ. ಇನ್ನೊಬ್ಬ ಓದಿದ. ಕಾಲೇಜು ಹುಡುಗರು ಒಟ್ಟಾಗಿ ಕೂಗಿದರು. "ತಿಮ್ಮು ಹೊನ್ನು ಗೌಡ! ಬೊಬ್ರುವಾಡ!" ಕೆಳಗಿನಿಂದ ಒಬ್ಬ ಕೊಂಕಣಿಯಲ್ಲಿ, "ಕೋಣ್ ರೇ ತೋ ತಿಮ್ಮು?", ಯಾರವನು ತಿಮ್ಮು ಅಂತ ಕೇಳಿದ. ನಾನು ಹಿಗ್ಗಿದೆ.

"ಯಾರ್ರೀ ತಿಮ್ಮು ಗೌಡ? ಬೇಗ ಹೊರಗೆ ಬನ್ನಿ!" ಎಂಬ ಕೂಗು ಬಂದ ಮೇಲೆಯೇ ನನ್ನ ತಲೆಗೆ ಹೊಳೆದದ್ದು.

ಆ ಥಿಯೇಟರಿನಲ್ಲಿ ಸಿನೆಮಾದ ನಡುವೆ ಗೀಚಿದ ಅಕ್ಷರದಲ್ಲಿ ಒಬ್ಬರ ಹೆಸರೂ ಊರೂ ಬರುವುದು ಒಂದೇ ಕಾರಣಕ್ಕೆ. ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಇದ್ದಲ್ಲಿಂದ ಎದ್ದು ಬನ್ನಿ ಅಂತ. ಮೊಬೈಲು ಬರುವ ಮೊದಲು ವರ್ಷಗಟ್ಟಲೆ ನಡೆದು ಬಂದ ಪದ್ಧತಿ ಅದು. ಮಾದೇವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರಿಗೂ ಆಗ ನೆನಪಾಗಲಿಲ್ಲ.

ಗೇಟಿನವನು ಪದ್ಧತಿಯಂತೆ ದೀಪ ಹಾಕಿ ಬಾಗಿಲು ತೆರೆದ. ತಿಮ್ಮಣ್ಣ ಎದ್ದು ನಿಂತಿದ್ದ. ದೀಪ ಹಾಕಿದ್ದು ಅವನಿಗೇನು ಗೊತ್ತು; ತನ್ನ ಹೆಸರನ್ನು ನಲವತ್ತು ಜನ ಕೂಗುವುದು ಮಾತ್ರ ಕೇಳುತ್ತಿತ್ತು. ಅವನು ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದ. ಅವನ ಮುಖದಲ್ಲಿದ್ದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ಕಾಮಕ್ಕ ಮಾತ್ರ ಎದೆ ಬಡಿದುಕೊಂಡು ಅಳುತ್ತಿದ್ದಳು. ಮನೆಯಲ್ಲಿ ತೊಂಬತ್ತು ಸಮೀಪಿಸಿದ ಅತ್ತೆ ಸುಬ್ಬಿ ಒಬ್ಬಳೇ ಇದ್ದಳು. ಗಂಗೆ ಕಾಮಕ್ಕನನ್ನು ತಬ್ಬಿಕೊಂಡು, "ಅಳ್ಬೇಡ್ವೇ, ವಯಸ್ಸಾಗಿತ್ತು, ಪುಣ್ಯವಂತೆ" ಅಂತ ತಾನೂ ಅಳತೊಡಗಿದಳು.

"ಅಳೂದು ಎಂತಕ್ಕೇ? ಹೆಸ್ರು ಬಂತಲ್ಲೇ!" ಅಂದ ತಿಮ್ಮಣ್ಣ.

ಇದನ್ನು ಕೇಳಿ ಜನ ಇನ್ನಷ್ಟು ಮರುಗಿದರು. ಆಘಾತಕ್ಕೆ ತಲೆ ತಿರುಗಿದೆ ಅಂತ ನಾಲ್ಕು ಜನ ಅವನನ್ನು ಎತ್ತಿಕೊಂಡ ಹಾಗೇ ಹೊರಗೆ ಒಯ್ದರು. ಕಾಲೇಜು ಹುಡುಗರು ಟೊಪ್ಪಿ ತೆಗೆದು ನಿಂತರು. ನಾನು ಏಣಿ ಇಳಿದು ಓಡಿ ಬರುವಷ್ಟರಲ್ಲಿ ರಿಕ್ಷಾ ಹೋಗಿತ್ತು. ಬಸ್‌ಸ್ಟ್ಯಾಂಡಿಗೆ ಓಡಿದೆ. ಅಂಕೋಲೆ ಬಸ್ಸು ಹೊರಟಾಗಿತ್ತು. ಸಾವಿನ ಮನೆಯವರು ಅಂತ ಡ್ರೈವರ್ ಹೊತ್ತಿಗೆ ಮೊದಲೇ ಬಿಟ್ಟನಂತೆ. ಅತ್ತ ಒಳಗೆ ಇಪ್ಪತ್ತೊಂದು ಕಾಯಿಗಳು ಯಾರೂ ನೋಡದೆ ಒಡೆದವು. ಇದ್ದ ಜನರೆಲ್ಲ ಬಾಗಿಲಲ್ಲಿ ನಿಂತು ಮರಣದ ಕುರಿತು ಮಾತಾಡುತ್ತಿದ್ದರು.

ನಾನು ಮುಂದಿನ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ನಾಟಕದ ಮಾತಿನ ಹಾಗೆ ಉರುಹೊಡೆದೆ. ಸ್ಲೈಡು ಹಾಕಿಸಿದ್ದು ನಾನು, ಯಾರೂ ಸತ್ತಿಲ್ಲ, ಕ್ಷಮಿಸಿ. ಬೊಬ್ರುವಾಡಕ್ಕೆ ಮುಟ್ಟುವಾಗ ತಿಮ್ಮಣ್ಣನ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಗಂಗೆ ಕಾರವಾರದ ಬೂತಿನಿಂದ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದಳು. ಇಬ್ಬರು ಗಂಡಸರು ಕಟ್ಟಿಗೆ ಒಡೆಯಲು ಕೊಡಲಿಯನ್ನೂ ತಂದಿದ್ದರು. ಸುಬ್ಬಿ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಬಂದವರಿಗೆಲ್ಲ "ಎಂತಕ್ಕೆ ಬಂದ್ರಾ?" ಅಂತ ಕೇಳುತ್ತಿದ್ದಳು. ಯಾರಿಗೂ ಹೇಳುವ ಧೈರ್ಯವಿಲ್ಲ. ಕೆಲವರು ತಿರುಗಿ ಹೋಗುವುದೋ ಸ್ವಲ್ಪ ಕಾಯುವುದೋ ಅಂತ ಗುಸುಗುಸು ಮಾಡುತ್ತಿದ್ದರು.

ನಡುವೆ ತಿಮ್ಮಣ್ಣ ನಿಂತು ಭಾಷಣ ಮಾಡುತ್ತಿದ್ದ.

"ಸತ್ತ ಸುದ್ದಿ ಸತ್ತ ಸುದ್ದಿ ಅಂತ್ರಿ. ಸತ್ತವ್ರು ಯಾರು, ಹೇಳಿ ನೋಡ್ವಾ! ಅಬ್ಬೆ ಇಲ್ಲೇ ಕೂತದೆ. ಕಾಮಿ ಇಲ್ಲೇ ಅದೆ. ನಾನೂ ಇದ್ದೆ. ಯಾರೂ ಸಾಯ್ಲಿಲ್ಲ ಅಂದ್ಮೇಲೆ ಅದು ಸತ್ತ ಸುದ್ದಿ ಹ್ಯಾಂಗಾತದೆ? ಸಿನೆಮಾದವ್ರು ಹೆಸ್ರು ಹಾಕ್ತೆ ಅಂದಿದ್ರು, ಹಾಕಿದ್ರು! ಕಾಯಿ ಒಡೂಕೆ ಸರೀ ಮುಂಚೆ! ನಲ್ವತ್ತು ಜನ ಓದಿದ್ರು, ನನ್ ಕಿವಿಯಾರೆ ಕೇಳ್ದೆ. ಕುರ್ಡ ಅಂತ ಇರ್ಲಿಲ್ಲ. ತಿಮ್ಮು ಹೊನ್ನು ಗೌಡ, ಬೊಬ್ರುವಾಡ!"

ಊರವರು ಮುಂಜಾಗ್ರತೆಗೆ ಎರಡು ದಿನ ಸುಬ್ಬಿಯ ಮೇಲೆ ಕಣ್ಣಿಟ್ಟರು. ಅವಳು ಸಾಯಲಿಲ್ಲ. ಮೂರನೇ ದಿನಕ್ಕೆ ಊರು ಒಪ್ಪಿತು. ನಾನು ಉರುಹೊಡೆದ ಮಾತು ನನ್ನ ಬಾಯಲ್ಲೇ ಉಳಿಯಿತು. ಹೇಳಿದ್ದರೆ ಆ ಹೆಸರು ಸಿನೆಮಾದ್ದಾಗಿ ಉಳಿಯುತ್ತಿರಲಿಲ್ಲ, ಗುಮಾಸ್ತ ಯೋಗೇಶ ದಬ್ಬಣದಿಂದ ಗೀಚಿದ್ದಾಗುತ್ತಿತ್ತು. ಸುಮ್ಮನಿರುವುದು ನನ್ನ ಸ್ವಭಾವಕ್ಕೆ ಕಷ್ಟ, ಆದರೂ ಸುಮ್ಮನಿದ್ದೆ. ಇತ್ತ ಮಾದೇವ ಆ ಗಾಜನ್ನು ತೊಳೆದು ಯಾವುದೋ ಸೋಡಾ ಕಂಪನಿಯ ಜಾಹೀರಾತು ಬರೆಸಿದ.

ಮರುವರ್ಷದ ಹ್ಯಾಂಡ್‌ಬಿಲ್ಲಿನಲ್ಲಿ ಊರವರ ಒತ್ತಾಯದ ಮೇರೆಗೆ ನಾನೇ ಬರೆದೆ: 'ಉದ್ಘಾಟನೆಯ ಕಾಯಿ ಒಡೆಯುವವರು: ಚಲನಚಿತ್ರ ಖ್ಯಾತಿಯ ಶ್ರೀ ತಿಮ್ಮು ಹೊನ್ನು ಗೌಡ, ಬೊಬ್ರುವಾಡ.' ಅದು ಎರಡು ಸಾಲು ಹಿಡಿದದ್ದರಿಂದ ಕೆಳಗೆ ಜಾಗ ಸಾಲದೆ ಪ್ರಾಂಪ್ಟರನ ಹೆಸರು ಬಿಟ್ಟುಹೋಯಿತು. ಈಗ ಊರಲ್ಲಿ ಯಾರೂ ಅವನನ್ನು ಕುರ್ಡ ತಿಮ್ಮು ಅನ್ನುವುದಿಲ್ಲ. ಸಿನೆಮಾ ತಿಮ್ಮು ಅನ್ನುತ್ತಾರೆ.

ಇದು ಇಲ್ಲಿಗೆ ಮುಗಿಯಬೇಕಿತ್ತು. ೨೦೦೭ರ ದೀಪಾವಳಿಗೆ ಅಂಗನವಾಡಿ ಟೀಚರ್ ಭಾರತಿ ಗೋವೆಯ ಫುಟ್‌ಪಾತಿನಿಂದ 'ಕಗ್ಗತ್ತಲ ಖಡ್ಗವೀರ'ದ ವಿಸಿಡಿ ತಂದಳು. ತಿಮ್ಮಣ್ಣನ ಮನೆಯ ಜಗಲಿಯಲ್ಲಿ ಟಿವಿ ಇಟ್ಟರು. ಸಂಜೆ ನಾಲ್ಕಕ್ಕೆ ಊರೆಲ್ಲ ಬಂದು ಕೂತಿತು. ಹಬ್ಬಕ್ಕೆ ಊರಿಗೆ ಬಂದಿದ್ದ ನನ್ನನ್ನೂ ಎಳೆದುಕೊಂಡು ಹೋದರು. ಎರಡು ವರ್ಷದ ಗುಟ್ಟು ಹದಿನೆಂಟು ರೂಪಾಯಿಯ ತಟ್ಟೆಯೊಂದರಿಂದ ಬಯಲಾಗುವುದಿತ್ತು.

ಟೈಟಲ್ ಮುಗಿಯಿತು. ಹೆಸರಿಲ್ಲ. "ನಡುವೆ ಬತ್ತದೆ, ಕಾಯಿ ಒಡೂವಲ್ಲಿ" ಅಂತ ಊರವರು ಒಬ್ಬರಿಗೊಬ್ಬರು ಹೇಳಿಕೊಂಡರು. ಕಾಯಿ ಕಾಳಗ ಬಂತು. ಹೀರೋ ಮರದಡಿ ನಿಂತ. ಎದೆಯ ಮೇಲೆ ಏನೂ ಮೂಡಲಿಲ್ಲ. ಕಾಯಿಗಳು ಹಾರಿ ಬರತೊಡಗಿದವು. ಕಪ್ಪು ಕೈ, ತಾಮ್ರದ ಕಡಗ, ಅಂಗೈಯಲ್ಲಿ ಸಮಸಮ ಎರಡು ಹೋಳು. "ಇದೇ ಕೈ! ಇದೇ ಕೈ!" ಅಂತ ಹೆಂಗಸರು ಕೂಗಿದರು.

ತಿಮ್ಮಣ್ಣ ತಲೆ ಓರೆ ಮಾಡಿ ಆಲಿಸುತ್ತಿದ್ದ. ಟಿವಿಯಿಂದ 'ಟಣ್! ಟಣ್!' ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬರುತ್ತಿತ್ತು. ಹೀರೋನ ಕೈಯಲ್ಲಿ ಖಡ್ಗ ಇದೆಯಲ್ಲ, ಕಾಯಿ ಒಡೆದ ಸದ್ದಿನ ಜಾಗಕ್ಕೆಲ್ಲ ಖಡ್ಗದ ಸದ್ದು ತುಂಬಿದ್ದರು.

"ಇದು ನಂದಲ್ಲ. ಕಾಯಿ ಹೀಂಗೆ ಒಡೂದಿಲ್ಲ. ಒಂದೂ ನಂದಲ್ಲ" ಅಂದ ಮೆಲ್ಲಗೆ.

ಕೈ ನಿನ್ನದೇ ಅಂತ ಕಾಮಕ್ಕ ಎಷ್ಟು ಹೇಳಿದರೂ ಅವನು ತಲೆ ಅಲ್ಲಾಡಿಸಿದ. ಕಾಣದವನಿಗೆ ಕೈ ಇದ್ದರೇನು ಬಂತು. ಆ ಇಡೀ ಸಿನೆಮಾದಲ್ಲಿ ಅವನದು ಅಂತ ಅವನ ಪಾಲಿಗೆ ಇದ್ದದ್ದು ಆ ಹೆಸರೊಂದೇ, ಅದೂ ಇದರಲ್ಲಿ ಇಲ್ಲ. ನನಗೆ ಎದ್ದು ಓಡಿಹೋಗೋಣ ಅನ್ನಿಸಿತು.

ಭಾರತಿ ವಿಸಿಡಿ ನಿಲ್ಲಿಸಿ, ಶಾಲೆ ಕಲಿತವರ ಸಂಶಯದಲ್ಲಿ ಕೇಳಿದಳು. "ಹೆಸ್ರು ಬರ್ಲೇ ಇಲ್ವಲ್ಲ?"

ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. "ಇದ್ರಲ್ಲಿ ಕತ್ತರ್ಸಿದ್ದಾರೆ!" "ವಿಸಿಡಿಯವ್ರು ಮಾಡೂದೇ ಹಾಂಗೆ, ಒಳ್ಳೊಳ್ಳೇದೆಲ್ಲ ತೆಗೂದು!" "ಕಾರವಾರದಲ್ಲಿ ಇಷ್ಟುದ್ದ ಅಕ್ಷರ, ನಾನೇ ಕಣ್ಣಾರೆ ಕಂಡೆ!" ಹೀಗೆ ಆಣೆ ಮಾಡಿದವರಲ್ಲಿ ಒಬ್ಬರೂ ಅಂದು ಕಾರವಾರದ ಥಿಯೇಟರಿನಲ್ಲಿ ಇರಲಿಲ್ಲ. ಕೊಡಲಿ ತಂದಿದ್ದವರು ಎಲ್ಲರಿಗಿಂತ ಜೋರಾಗಿ ಆಣೆ ಮಾಡಿದರು.

ಭಾರತಿ ನನ್ನ ಕಡೆ ತಿರುಗಿದಳು. "ಯೋಗೇಶಣ್ಣಾ, ನೀವು ಅವತ್ತು ಇದ್ರಲ್ಲ. ನೀವೇ ಓದಿ ಹೇಳೂಕೆ ಹೋದವ್ರು. ನಿಜ ಹೇಳಿ, ನೀವು ನೋಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ತಿಮ್ಮಣ್ಣ ಕೈ ಎತ್ತಿ ತಡೆದ. ಅವನ ದನಿಯಲ್ಲಿ ಎರಡು ವರ್ಷದಿಂದ ಒಳಗೇ ಇಟ್ಟುಕೊಂಡ ನೋವಿತ್ತು.

"ಅವನ್ನ ಕೇಳ್ಬೇಡ. ಅವ ನೋಡ್ಲಿಲ್ಲ. ನನ್ ಹೆಸ್ರು ಬರೂ ಹೊತ್ತಿಗೆ ಪಕ್ಕದ ಕುರ್ಚಿ ಮುಟ್ಟಿ ನೋಡ್ದೆ, ಖಾಲಿ. ಅಷ್ಟು ಜನ ಓದಿದ್ರು, ಅವನ ದನಿ ಮಾತ್ರ ಕೇಳ್ಲಿಲ್ಲ. ಓದ್ತೆ ಅಂತ ಕರ್ಕಂಡು ಹೋದವ, ಎಲ್ಲೋ ಬೀಡಿ ಸೇದೂಕೆ ಎದ್ದು ಹೋಗಿದ್ದ."

ನನಗೆ ಸಿಟ್ಟು ನೆತ್ತಿಗೇರಿತು. ಗಾಜು, ಮಸಿ, ದಬ್ಬಣ ಎಲ್ಲ ಒಮ್ಮೆಲೇ ನಾಲಿಗೆಯ ತುದಿಗೆ ಬಂತು. ಇಡೀ ಊರು ನನ್ನ ಮುಖ ನೋಡುತ್ತಿತ್ತು. ತಿಮ್ಮಣ್ಣ ಕಿವಿಯನ್ನು ನನ್ನ ಕಡೆ ಕೊಟ್ಟು ಕಾಯುತ್ತಿದ್ದ.

"ಹೌದು ತಿಮ್ಮಣ್ಣಾ, ತಪ್ಪಾಯ್ತು. ಬೀಡಿ ಸೇದೂಕೆ ಹೋಗಿದ್ದೆ" ಅಂದೆ.

ನಾನು ಹುಟ್ಟಿದ ಮೇಲೆ ಒಂದು ಬೀಡಿ ಸೇದಿದವನಲ್ಲ. ಅವನು "ಆಯ್ತು ಬಿಡು" ಅಂದು, ಅಂದಾಜಿನ ಮೇಲೆ ಕೈ ಚಾಚಿ ನನ್ನ ಮೊಣಕಾಲು ತಟ್ಟಿದ. ನನ್ನ ಕಣ್ಣು ತುಂಬಿದ್ದು ಅವನಿಗೆ ಕಾಣಲಿಲ್ಲ.